ವೈರ್‌ಲೆಸ್ ಎಲ್ಲಿಯವರೆಗೆ? ಮಾದರಿ ರೈಲಿನ ರಿಮೋಟ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಬಳಿ ಎಚ್‌ಒ ಅಳತೆಯ (ಅಸಲಿ ರೈಲಿನ 87ರಲ್ಲಿ ಒಂದು ಪಾಲು) ಎರಡು ಎಂಜಿನ್‌ಗಳಿವೆ. ಹಳಿ ಒಂದೇ ಸುತ್ತು, ಜತೆಗೊಂದು ಪಕ್ಕದ ಹಳಿ. ಈಗಿರುವುದು ಗುಬ್ಬಿ ತಿರುಗಿಸುವ ಹಳೇ ಡಿಸಿ ಕಂಟ್ರೋಲರ್. ರಿಮೋಟ್ ಹಿಡಿದು ಓಡಾಡುತ್ತ ರೈಲು ನಡೆಸಬೇಕೆಂಬ ಆಸೆ. ಇನ್‌ಫ್ರಾರೆಡ್, ಬ್ಲೂಟೂತ್, ವೈಫೈ, ರೇಡಿಯೊ ಎಂದು ಹತ್ತಾರು ಬಗೆ ಕಾಣುತ್ತವೆ. ಯಾವುದನ್ನು ಕೊಳ್ಳಲಿ?

ಉತ್ತರ: ಬ್ಲೂಟೂತೋ ವೈಫೈಯೋ ಎನ್ನುವುದು ಎರಡನೆಯ ಮಾತು. ರಿಮೋಟ್‌ನಿಂದ ಹೊರಟ ಸಂಕೇತ ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲು ವಿಚಾರಿಸಿ. ಅದು ಇಳಿಯುವ ಜಾಗಗಳು ಮೂರು.

ಒಂದು, ಮೇಜಿನ ಮೇಲಿನ ಪೆಟ್ಟಿಗೆ. ಅದು ಹಳಿಗೆ ಹೋಗುವ 0ಯಿಂದ 12 ವೋಲ್ಟ್ ಡಿಸಿಯನ್ನು ಏರಿಸಿ ಇಳಿಸುತ್ತದೆ, ಅಷ್ಟೇ. ನಿಮ್ಮ ಹಳೇ ಗುಬ್ಬಿಗೆ ಉದ್ದನೆಯ ಕೈ ಬಂದ ಹಾಗೆ. ಎಂಜಿನ್ ಬಿಚ್ಚುವ ಕೆಲಸವಿಲ್ಲ, ಖರ್ಚು ಕಡಿಮೆ. ಆದರೆ ಒಂದು ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಒಂದನ್ನು ನಿಲ್ಲಿಸಿಡಬೇಕಾದರೆ ಪಕ್ಕದ ಹಳಿಯ ಒಂದು ಕಂಬಿಯನ್ನು ಕತ್ತರಿಸಿ, ಪ್ಲಾಸ್ಟಿಕ್ ಜಾಯ್ನರ್ ಹಾಕಿ, ನಡುವೆ ಆನ್-ಆಫ್ ಸ್ವಿಚ್ ಕೂರಿಸಬೇಕು.

ಎರಡನೆಯದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಇಲ್ಲಿ ಸಂಕೇತ ಕಮಾಂಡ್ ಸ್ಟೇಷನ್ ಎಂಬ, ಹಳಿಗೆ ಆಜ್ಞೆ ಕಳಿಸುವ ಪೆಟ್ಟಿಗೆಗೆ ಇಳಿಯುತ್ತದೆ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ (ಎಚ್‌ಒಗೆ ಸುಮಾರು 14ರಿಂದ 16 ವೋಲ್ಟ್), ಅದರ ಮೇಲೆಯೇ ಆಜ್ಞೆಯೂ ಹರಿಯುತ್ತದೆ. ಪ್ರತಿ ಎಂಜಿನ್‌ನೊಳಗಿನ ಡಿಕೋಡರ್ ಎಂಬ ಪುಟ್ಟ ಬೋರ್ಡ್ ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಗಮನಿಸಿ: ವೈರ್‌ಲೆಸ್ ಇರುವುದು ನಿಮ್ಮ ಕೈಯಿಂದ ಸ್ಟೇಷನ್‌ವರೆಗೆ ಮಾತ್ರ. ಅಲ್ಲಿಂದ ಎಂಜಿನ್‌ವರೆಗಿನ ದಾರಿ ಅದೇ ಹಳಿ, ಅದೇ ಚಕ್ರ.

ಮೂರನೆಯದರಲ್ಲಿ ಸಂಕೇತ ನೇರವಾಗಿ ಎಂಜಿನ್‌ನೊಳಗಿನ ರಿಸೀವರ್‌ಗೇ ಇಳಿಯುತ್ತದೆ. ಕರೆಂಟ್ ಹಳಿಯಿಂದ ಬರಬಹುದು, ಒಳಗಿನ ಬ್ಯಾಟರಿಯಿಂದಲೂ ಬರಬಹುದು. ಬ್ಯಾಟರಿಯಾದರೆ ಹಳಿ ಬರೀ ಹಳಿ.

ನಿಮ್ಮ ಎರಡು ಎಂಜಿನ್, ಒಂದು ಸುತ್ತಿಗೆ ಎರಡನೆಯ ಬಗೆಯೇ ಸರಿ. 2ರಿಂದ 3 ಆಂಪಿಯರ್ ಕೊಡುವ ಸ್ಟೇಷನ್ ಸಾಕು. ಎಚ್‌ಒ ಎಂಜಿನ್ ಓಡುವಾಗ ಎಳೆಯುವುದು ಸಾಮಾನ್ಯವಾಗಿ ಅರ್ಧ ಆಂಪಿಯರ್‌ನೊಳಗೆ. ದುಡ್ಡು ಕೊಡುವ ಮೊದಲು ಎಂಜಿನ್‌ಗಳ ಮೇಲ್ಕವಚ ತೆಗೆದು ನೋಡಿ. 8 ಪಿನ್ ಅಥವಾ 21 ಪಿನ್‌ನ ಸಾಕೆಟ್ ಇದ್ದರೆ ಡಿಕೋಡರ್ ಚುಚ್ಚಿದರೆ ಮುಗಿಯಿತು. ಇಲ್ಲದಿದ್ದರೆ ಬೆಸುಗೆ ಹಾಕಬೇಕು: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರ್‌ಗೆ, ನೀಲಿ ದೀಪಗಳ ಸಾಮಾನ್ಯ ಧನ ತಂತಿ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ. ಹಳೇ ಎಂಜಿನ್‌ಗಳಲ್ಲಿ ಮೋಟರ್‌ನ ಒಂದು ಬ್ರಷ್ ಚಾಸಿಗೇ ತಾಗಿರುತ್ತದೆ. ಅದನ್ನು ಬಿಡಿಸದೆ ಡಿಕೋಡರ್ ಹಾಕಿದರೆ ಮೊದಲ ಸಲ ಕರೆಂಟ್ ಕೊಟ್ಟಾಗಲೇ ಸುಟ್ಟುಹೋಗುತ್ತದೆ. ಡಿಕೋಡರ್ ಹಾಕುವ ಮುನ್ನ ಮೋಟರ್‌ಗೆ ಹೋಗುವ ಹಳೇ ತಂತಿಗಳನ್ನು ಕಳಚಿ, ಮಲ್ಟಿಮೀಟರನ್ನು ಕಂಟಿನ್ಯೂಯಿಟಿಗೆ ಇಟ್ಟು, ಬ್ರಷ್‌ಗೂ ಚಕ್ರಕ್ಕೂ, ಬ್ರಷ್‌ಗೂ ಚಾಸಿಗೂ ಮುಟ್ಟಿಸಿ ನೋಡಿ. ಎಲ್ಲೂ ಬೀಪ್ ಬರಬಾರದು.

ಹಳೇ ಡಿಸಿ ಕಂಟ್ರೋಲರನ್ನು ಹಳಿಯಿಂದ ಪೂರ್ತಿ ಕಳಚಿಡಿ. ಡಿಸಿಸಿ ಮತ್ತು ಡಿಸಿ ಒಂದೇ ಹಳಿಯಲ್ಲಿ ಸೇರಿದರೆ ಎರಡು ಪೆಟ್ಟಿಗೆಗಳಲ್ಲಿ ಒಂದಾದರೂ ಹೋಗಬಹುದು. ಇನ್ನು ಇನ್‌ಫ್ರಾರೆಡ್: ರಿಮೋಟ್‌ಗೂ ರಿಸೀವರ್‌ಗೂ ನಡುವೆ ಅಡ್ಡ ಏನೂ ಇರಕೂಡದು, ಬಿಸಿಲು ಬಿದ್ದರೆ ಕೆಲಸ ಕೆಡುತ್ತದೆ. ನೆಲದ ಮೇಲೆ ಓಡುವ ಆಟಿಕೆಗೆ ಸರಿ, ನಿಮಗೆ ಬೇಡ.

ಪ್ರಶ್ನೆ: ಡಿಸಿಸಿ ಸೆಟ್, ರೇಡಿಯೊ ಹ್ಯಾಂಡ್‌ಸೆಟ್ ಎರಡೂ ಇವೆ. ಪಾಯಿಂಟ್ಸ್ (ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ದಾಟುವಾಗಲೆಲ್ಲ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಹ್ಯಾಂಡ್‌ಸೆಟ್‌ಗೆ ಹೊಸ ಸೆಲ್ ಹಾಕಿದೆ, ಆಂಟೆನಾ ಎತ್ತರಕ್ಕಿಟ್ಟೆ, ಪ್ರಯೋಜನವಿಲ್ಲ. ರಿಮೋಟ್ ಬದಲಿಸಬೇಕೇ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾದೀತು. ಸ್ಟೇಷನ್ ಕೊನೆಯ ಆಜ್ಞೆಯನ್ನು ತಾನಾಗಿಯೇ ಹಳಿಗೆ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಆದ್ದರಿಂದ ರೇಡಿಯೊ ಕಡಿದುಹೋದರೆ ಸಾಮಾನ್ಯವಾಗಿ ರೈಲು ನಿಲ್ಲುವುದಿಲ್ಲ, ಹಿಂದಿನ ವೇಗದಲ್ಲೇ ಓಡುತ್ತದೆ. ನಿಮ್ಮದು ನಿಲ್ಲುತ್ತಿದೆ, ಅದೂ ಒಂದೇ ಜಾಗದಲ್ಲಿ. ಕರೆಂಟ್ ಚಕ್ರಕ್ಕೆ ಮುಟ್ಟುತ್ತಿಲ್ಲ ಎಂದೇ ಅರ್ಥ. ಖಾತ್ರಿಯಾಗಬೇಕಾದರೆ ಕೋಣೆ ಕತ್ತಲೆ ಮಾಡಿ, ಮುಂದಿನ ದೀಪ ಹೊತ್ತಿಸಿ, ಅತಿ ನಿಧಾನವಾಗಿ ಪಾಯಿಂಟ್ಸ್ ದಾಟಿಸಿ. ದೀಪ ಮಿನುಗಿದರೆ ಹ್ಯಾಂಡ್‌ಸೆಟ್ ನಿರಪರಾಧಿ.

ಮೊದಲು ಕೊಳೆ. ನೂಲು ಬಿಡದ ಬಟ್ಟೆಗೆ ಮಿನರಲ್ ಸ್ಪಿರಿಟ್ ಸವರಿ ಕಂಬಿಯ ತಲೆಯನ್ನು ಒರೆಸಿ, ಕಪ್ಪು ಬರುವುದು ನಿಲ್ಲುವವರೆಗೂ. ಮರಳು ಕಾಗದ ಮುಟ್ಟಿಸಬೇಡಿ. ಅದು ಎಬ್ಬಿಸಿದ ಗೀರುಗಳಲ್ಲಿ ಮುಂದಿನ ಕೊಳೆ ಇನ್ನೂ ಬೇಗ ಕೂರುತ್ತದೆ. ಚಕ್ರಗಳಿಗೆ ಒಂದು ಸುಲಭದ ದಾರಿ ಇದೆ: ಒದ್ದೆ ಬಟ್ಟೆಯನ್ನು ಹಳಿಗೆ ಅಡ್ಡ ಹಾಸಿ, ಎಂಜಿನ್‌ನ ಒಂದು ತುದಿಯ ಚಕ್ರಗಳು ಬಟ್ಟೆಯ ಮೇಲೆ, ಇನ್ನೊಂದು ತುದಿಯವು ಹಳಿಯ ಮೇಲೆ ಇರುವಂತೆ ಕೈಯಲ್ಲಿ ಹಿಡಿದು ಓಡಿಸಿ. ಆಮೇಲೆ ತಿರುಗಿಸಿ ಹಿಡಿಯಿರಿ.

ಹಳಿ ಶುದ್ಧವಾದ ಮೇಲೂ ಪಾಯಿಂಟ್ಸ್‌ನಲ್ಲೇ ನಿಂತರೆ, ನಡುವಿನ ಫ್ರಾಗ್ (ಎರಡು ಕಂಬಿಗಳು ಒಂದನ್ನೊಂದು ಅಡ್ಡ ಹಾಯುವ ತುಂಡು) ಪ್ಲಾಸ್ಟಿಕ್‌ನದೋ ಲೋಹದ್ದೋ ನೋಡಿ. ಪ್ಲಾಸ್ಟಿಕ್ ಫ್ರಾಗ್‌ನ ಮೇಲೆ ಗಿಡ್ಡ ಎಂಜಿನ್‌ಗೆ ಕ್ಷಣಹೊತ್ತು ಕರೆಂಟೇ ಇರುವುದಿಲ್ಲ. ಇದಕ್ಕೆ ಮದ್ದು, ಆ ಕ್ಷಣಕ್ಕೆ ಆಸರೆಯಾಗುವ ಕೀಪ್-ಅಲೈವ್ ಕೆಪಾಸಿಟರ್. 25 ವೋಲ್ಟ್‌ನ 2200 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು, 100 ಓಮ್ ರೆಸಿಸ್ಟರ್ ಒಂದು, 1ಎನ್4001 ಡಯೋಡ್ ಒಂದು ಬೇಕು. ರೆಸಿಸ್ಟರ್, ಡಯೋಡ್ ಎರಡನ್ನೂ ಅಕ್ಕಪಕ್ಕ ಸಮಾನಾಂತರವಾಗಿ ಸೇರಿಸಿ. ಈ ಜೋಡಿಯ ಒಂದು ತುದಿ ಕೆಪಾಸಿಟರ್‌ನ ಧನಕ್ಕೆ, ಇನ್ನೊಂದು ತುದಿ ಡಿಕೋಡರ್‌ನ ನೀಲಿ ತಂತಿಗೆ. ಡಯೋಡ್‌ನ ಪಟ್ಟಿ ಇರುವ ಬದಿ ನೀಲಿ ತಂತಿಯ ಕಡೆಗಿರಲಿ. ಕೆಪಾಸಿಟರ್‌ನ ಋಣ ಡಿಕೋಡರ್‌ನ ಗ್ರೌಂಡ್‌ಗೆ. ಧನ-ಋಣ ಅದಲುಬದಲಾದರೆ ಕೆಪಾಸಿಟರ್ ಸಿಡಿಯುತ್ತದೆ. ರೆಸಿಸ್ಟರ್ ಯಾಕೆಂದರೆ, ಖಾಲಿ ಕೆಪಾಸಿಟರ್ ಒಮ್ಮೆಗೇ ಕರೆಂಟ್ ಹೀರಿ ಸ್ಟೇಷನ್‌ಗೆ ಶಾರ್ಟ್ ಆದಂತೆ ಕಾಣಬಾರದು.

ಲೆಕ್ಕ ಹಾಕಿದರೆ, 0.2 ಆಂಪಿಯರ್ ಎಳೆಯುವ ಎಂಜಿನ್‌ಗೆ ಇದು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ ಆಸರೆ. ದೀಪದ ಮಿನುಗು, ಸಣ್ಣ ಮುಗ್ಗರಿಕೆಗೆ ಸಾಕು. ತುಂಬಾ ನಿಧಾನವಾಗಿ ಉದ್ದದ ಫ್ರಾಗ್ ದಾಟಬೇಕಾದರೆ ಡಿಕೋಡರ್ ತಯಾರಕರೇ ಕೊಡುವ ಸೂಪರ್ ಕೆಪಾಸಿಟರ್ ಪ್ಯಾಕ್ ಬೇಕಾಗುತ್ತದೆ.

ಕೊನೆಯದು ನಾಣ್ಯದ ಪರೀಕ್ಷೆ, ಇದನ್ನು ಮಾಡದವರೇ ಹೆಚ್ಚು. ಒಂದು ನಾಣ್ಯವನ್ನು ಎರಡು ಕಂಬಿಗಳಿಗೂ ತಾಗುವಂತೆ ಇಡಿ. ಸುತ್ತಿನ ಯಾವ ಮೂಲೆಯಲ್ಲಿಟ್ಟರೂ ಸ್ಟೇಷನ್ ತಕ್ಷಣ ಕರೆಂಟ್ ಕಡಿಯಬೇಕು. ಎಲ್ಲಾದರೂ ಕಡಿಯಲಿಲ್ಲವೆಂದರೆ ಅಲ್ಲಿಗೆ ಹೋಗುವ ತಂತಿ ಸಣ್ಣದು ಅಥವಾ ಜಾಯ್ನರ್ ಸಡಿಲ. ನಾಣ್ಯವನ್ನು ಕೂಡಲೇ ತೆಗೆದು, ಸುಮಾರು ಮೀಟರಿಗೊಂದರಂತೆ ಕೆಳಗಿನ ದಪ್ಪ ತಂತಿಯಿಂದ ಹಳಿಗೆ ಹೊಸ ಸಂಪರ್ಕ ಕೊಡಿ. ಇದನ್ನು ಬಿಟ್ಟರೆ ಒಂದು ದಿನ ಎಂಜಿನ್ ಹಳಿ ತಪ್ಪಿ ಶಾರ್ಟ್ ಆದಾಗ ಕರೆಂಟ್ ಹರಿಯುತ್ತಲೇ ಇದ್ದು, ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ.

ಪ್ರಶ್ನೆ: ಮೊಬೈಲನ್ನೇ ರಿಮೋಟ್ ಮಾಡಿಕೊಂಡಿದ್ದೇನೆ, ವೈಫೈ ಮೂಲಕ. ನಡುನಡುವೆ ಸಂಪರ್ಕ ಹೋಗುತ್ತದೆ. ಕೆಲವೊಮ್ಮೆ ರೈಲು ನಿಲ್ಲುತ್ತದೆ, ಕೆಲವೊಮ್ಮೆ ನಿಲ್ಲದೆ ಹೋಗಿ ಹಳಿಯ ಕೊನೆಗೆ ಗುದ್ದುತ್ತದೆ. ಯಾಕೆ ಹೀಗೆ?

ಉತ್ತರ: ಸಂಪರ್ಕ ಹೋಗುವುದು ಒಂದು ತೊಂದರೆ, ಹೋದ ಮೇಲೆ ಏನಾಗುತ್ತದೆ ಎನ್ನುವುದು ಬೇರೆಯೇ ತೊಂದರೆ.

ಹೋಗುವುದಕ್ಕೆ ಬಹಳ ಸಲ ಕಾರಣ ಫೋನಿನ ಅತಿಬುದ್ಧಿ. ರೈಲಿನ ರೂಟರ್‌ನಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನ್ ಅದನ್ನು ನೋಡಿ, ಈ ವೈಫೈ ಕೆಲಸಕ್ಕೆ ಬಾರದ್ದೆಂದು ಬಗೆದು ಮೊಬೈಲ್ ಡೇಟಾಕ್ಕೆ ಅಥವಾ ಮನೆಯ ಬೇರೆ ವೈಫೈಗೆ ಜಿಗಿಯುತ್ತದೆ. ರೈಲು ಓಡಿಸುವಾಗ ಮೊಬೈಲ್ ಡೇಟಾ ಆಫ್ ಮಾಡಿ, ಉಳಿದ ವೈಫೈಗಳಿಗೆ ತಾನಾಗಿ ಸೇರುವುದನ್ನು ತಪ್ಪಿಸಿ, ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಪರದೆ ಆರದಂತೆ ಇಡಿ. ಕರೆ ಬಂದರೆ ಆ್ಯಪ್ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಸಿಮ್ ಇಲ್ಲದ ಹಳೇ ಫೋನೇ ಈ ಕೆಲಸಕ್ಕೆ ವಾಸಿ. ಮನೆಮಂದಿಯೆಲ್ಲ ವಿಡಿಯೊ ನೋಡುವ ರೂಟರ್‌ಗೆ ರೈಲನ್ನು ಕಟ್ಟಬೇಡಿ. ಬೇರೆಯೇ ಸಣ್ಣ ರೂಟರ್ ಇಟ್ಟು 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳಲ್ಲಿ ದಟ್ಟಣೆ ಕಡಿಮೆ ಇರುವುದನ್ನು ಆರಿಸಿ.

ವಿಳಾಸಗಳನ್ನೂ ಒಮ್ಮೆ ಸರಿನೋಡಿ. ಝಡ್21 ಎಂಬ ಕಮಾಂಡ್ ಸ್ಟೇಷನ್ ಪೆಟ್ಟಿಗೆಯ ವಿಳಾಸ 192.168.0.111. ಕಂಪ್ಯೂಟರ್‌ನಲ್ಲಿ ಜೆಎಂಆರ್‌ಐ ಎಂಬ ರೈಲು ನಡೆಸುವ ತಂತ್ರಾಂಶ ಹಾಕಿ ಎಂಜಿನ್ ಡ್ರೈವರ್‌ನಂಥ ಆ್ಯಪ್ ಬಳಸುವವರಿಗೆ ಪೋರ್ಟ್ 12090, ಕಂಪ್ಯೂಟರ್‌ನ ಫೈರ್‌ವಾಲ್ ಅದನ್ನು ಬಿಡಬೇಕು. ಆರ್ಡ್ವಿನೊ ಎಂಬ ಪುಟ್ಟ ಬೋರ್ಡ್‌ನಲ್ಲಿ ಕಟ್ಟಿದ ಡಿಸಿಸಿ-ಇಎಕ್ಸ್ ಸ್ಟೇಷನ್ ತಾನೇ ವೈಫೈ ಹರಡುವ ಹಾಗಿದ್ದರೆ 192.168.4.1, ಪೋರ್ಟ್ 2560.

ಇನ್ನು ನಿಲ್ಲುವ ಮಾತು. ಕೆಲವು ವ್ಯವಸ್ಥೆಗಳಲ್ಲಿ ಆ್ಯಪ್ ಕೆಲವು ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ಸರ್ವರ್‌ಗೆ ತಿಳಿಸುತ್ತಿರುತ್ತದೆ; ಅದು ಬರುವುದು ನಿಂತರೆ ಸರ್ವರ್ ಎಂಜಿನ್ನನ್ನು ನಿಲ್ಲಿಸುತ್ತದೆ. ಜೆಎಂಆರ್‌ಐಯಲ್ಲಿ ಈ ಕಾಯುವ ಹೊತ್ತನ್ನು ನೀವೇ ಹೊಂದಿಸಬಹುದು. ಹತ್ತು ಸೆಕೆಂಡಿಗೆ ಇಟ್ಟಿದ್ದು, ಎಂಜಿನ್ ಸೆಕೆಂಡಿಗೆ 20 ಸೆಂ.ಮೀ. ಓಡುತ್ತಿದ್ದರೆ, ಅಷ್ಟರಲ್ಲಿ ಎರಡು ಮೀಟರ್ ಹೋಗಿರುತ್ತದೆ. ಹಳಿಯ ಕೊನೆ ಅದಕ್ಕಿಂತ ದೂರವಿದ್ದಾಗ ನಿಂತಿದೆ, ಹತ್ತಿರವಿದ್ದಾಗ ಗುದ್ದಿದೆ. ಹೊತ್ತು ಕಡಿಮೆ ಮಾಡಿ, ಆದರೆ ತೀರ ಎರಡು ಮೂರು ಸೆಕೆಂಡಿಗೆ ಇಳಿಸಿದರೆ ವೈಫೈ ಸ್ವಲ್ಪ ತಡವರಿಸಿದರೂ ರೈಲು ಸುಮ್ಮಸುಮ್ಮನೆ ನಿಲ್ಲುತ್ತದೆ. ಆ್ಯಪ್ ಯಾವುದೇ ಇರಲಿ, ಹಳಿಯ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ ಒಂದು ಮೇಜಿನ ಅಂಚಿನಲ್ಲಿ ಕೈಗೆ ಸಿಗುವಂತಿರಲಿ.

ಇನ್ನೊಂದು ಮಾತು: ಗಾಜಿನ ಪರದೆಯ ಮೇಲೆ ಬೆರಳಿಗೆ ಗುಬ್ಬಿ ಸಿಗುವುದಿಲ್ಲ. ಬೋಗಿ ಜೋಡಿಸುವಾಗ ಕಣ್ಣು ರೈಲಿನ ಮೇಲಿರಬೇಕು, ಪರದೆಯ ಮೇಲಲ್ಲ. ಶಂಟಿಂಗ್ ಹೆಚ್ಚು ಮಾಡುವವರು ತಿರುಗುವ ಗುಬ್ಬಿ ಇರುವ ಹ್ಯಾಂಡ್‌ಸೆಟ್ಟನ್ನೇ ಕೊಳ್ಳುವುದು ಒಳ್ಳೆಯದು. ಅದರಲ್ಲೂ ಕೊನೆಯಿಲ್ಲದೆ ತಿರುಗುವ ಎನ್‌ಕೋಡರ್ ಇದ್ದರೆ ಲೇಸು: ಒಂದು ಎಂಜಿನ್ ಬಿಟ್ಟು ಇನ್ನೊಂದನ್ನು ಹಿಡಿದಾಗ ಗುಬ್ಬಿಯ ಜಾಗಕ್ಕೂ ಎಂಜಿನ್‌ನ ವೇಗಕ್ಕೂ ತಾಳ ತಪ್ಪುವುದಿಲ್ಲ.

ಪ್ರಶ್ನೆ: ಹಿತ್ತಲಲ್ಲಿ ಜಿ ಅಳತೆಯ (ಎಚ್‌ಒಗಿಂತ ದೊಡ್ಡ) ಹಳಿ ಹಾಸಿದ್ದೇವೆ. ದಿನಾ ಹಳಿ ಒರೆಸಿ ಸಾಕಾಗಿದೆ. ಎಂಜಿನ್‌ನೊಳಗೇ ಬ್ಯಾಟರಿ, ರಿಸೀವರ್ ಇಡಬೇಕೆಂದಿದ್ದೇನೆ. ಏನೇನು ಬೇಕು, ಎಷ್ಟು ದೊಡ್ಡ ಬ್ಯಾಟರಿ?

ಉತ್ತರ: ಬಯಲಲ್ಲಿ ಓಡಿಸುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಹಳಿಯಲ್ಲಿ ಕರೆಂಟೇ ಇಲ್ಲವಾದ್ದರಿಂದ ಸುತ್ತಿ ತಿರುಗಿ ಬರುವ ಕುಣಿಕೆ ಹಳಿಯಲ್ಲೂ ಶಾರ್ಟ್ ಎಂಬ ಮಾತಿಲ್ಲ. ಆದರೆ ಕೊಳ್ಳುವ ಮೊದಲು ಎರಡು ಅಳತೆ ತೆಗೆಯಿರಿ.

ಮೊದಲನೆಯದು ವೋಲ್ಟೇಜ್. ಬೋಗಿಗಳನ್ನು ಜೋಡಿಸಿ ಡಿಸಿ ಕಂಟ್ರೋಲರ್‌ನಲ್ಲಿ ಓಡಿಸಿ, ನಿಮಗೆ ಬೇಕಾದ ಅತಿ ಹೆಚ್ಚಿನ ವೇಗ ಎಷ್ಟು ವೋಲ್ಟ್‌ಗೆ ಬರುತ್ತದೆ ನೋಡಿ. ಲಿಥಿಯಂ ಅಯಾನ್ ಸೆಲ್ ಒಂದರ ಹೆಸರಿನ ವೋಲ್ಟೇಜ್ 3.7, ತುಂಬಿದಾಗ 4.2, ಬರಿದಾಗುತ್ತಾ 3ರ ಹತ್ತಿರ. 11 ವೋಲ್ಟ್ ಸಾಕಾದರೆ ಮೂರು ಸೆಲ್, 14 ಬೇಕಾದರೆ ನಾಲ್ಕು. ತಯಾರಕರು 18 ವೋಲ್ಟ್ ಎಂದರೆಂದು ಐದು ಸೆಲ್ ತುರುಕಬೇಕಿಲ್ಲ. ನಿಧಾನಕ್ಕೆ ಓಡಿಸುವವರಿಗೆ ಮೂರೇ ಸಾಕಾಗುವುದುಂಟು.

ಎರಡನೆಯದು ಕರೆಂಟ್. ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ಸರಣಿಯಲ್ಲಿ ಸೇರಿಸಿ, ರೈಲು ಓಡುವಾಗ ಎಷ್ಟು, ಚಕ್ರವನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿದಾಗ ಎಷ್ಟು ಎಂದು ಬರೆದುಕೊಳ್ಳಿ. ಎರಡನೆಯ ಅಂಕಿಯೇ ಮುಖ್ಯ, ರಿಸೀವರ್ ಅದಕ್ಕಿಂತ ಹೆಚ್ಚು ತಾಳುವಂತಿರಬೇಕು. ಓಡುವಾಗ 1 ಆಂಪಿಯರ್, ಹಿಡಿದಾಗ 2.5 ಬಂತೆನ್ನಿ: 3 ಆಂಪಿಯರ್‌ಗಿಂತ ಮೇಲಿನ ರಿಸೀವರ್, 3 ಆಂಪಿಯರ್ ಫ್ಯೂಸ್. ಸೆಲ್ 18650 ಬಗೆಯದು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 2600 ಮಿಲಿಆಂಪಿಯರ್-ಅವರ್‌ನ ಮೂರು ಸೆಲ್‌ಗಳನ್ನು ಸರಣಿಯಲ್ಲಿ ಕಟ್ಟಿ, ನೂರಕ್ಕೆ ಎಂಬತ್ತರಷ್ಟನ್ನೇ ಲೆಕ್ಕಕ್ಕೆ ಹಿಡಿದರೆ ಸುಮಾರು ಎರಡು ಗಂಟೆ ಓಡುತ್ತದೆ.

ಜೋಡಿಸುವ ಕ್ರಮ ಹೀಗೆ. ಬ್ಯಾಟರಿಗೆ ಅಂಟಿಕೊಂಡೇ ಬಿಎಂಎಸ್ ರಕ್ಷಣಾ ಬೋರ್ಡ್. ಅದರ ಧನ ತಂತಿಯಲ್ಲಿ, ಆದಷ್ಟೂ ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸ್. ಆಮೇಲೆ ಸ್ವಿಚ್; ಸ್ವಿಚ್ಚಿನ ಒಂದು ಕಡೆ ರಿಸೀವರ್, ಇನ್ನೊಂದು ಕಡೆ ಚಾರ್ಜಿಂಗ್ ಸಾಕೆಟ್ ಇದ್ದರೆ ಚಾರ್ಜ್ ಆಗುವಾಗ ರೈಲು ಓಡುವ ಪ್ರಮೇಯವೇ ಇಲ್ಲ. ಹಳಿಯಿಂದ ಕರೆಂಟ್ ಎತ್ತುವ ತಂತಿಗಳನ್ನು ಕತ್ತರಿಸಿ, ತುದಿಗೆ ಹೀಟ್ ಶ್ರಿಂಕ್ ಹಾಕಿ. ಇದನ್ನು ಮರೆತು, ಕರೆಂಟ್ ಇರುವ ಬೇರೆಯವರ ಹಳಿಗೆ ಎಂಜಿನ್ ಇಟ್ಟರೆ ರಿಸೀವರ್ ಹೋಯಿತೆಂದೇ ಲೆಕ್ಕ. ಸೆಲ್‌ಗಳ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಶಾಖಕ್ಕೆ ಒಳಗೆ ಹಾಳಾಗುತ್ತವೆ. ಪಟ್ಟಿ ವೆಲ್ಡ್ ಮಾಡಿಸಿದ ಪ್ಯಾಕ್ ತನ್ನಿ. ಮೂರು ಸೆಲ್‌ಗೆ ಲಿಥಿಯಂಗೆಂದೇ ಇರುವ 12.6 ವೋಲ್ಟ್ ಚಾರ್ಜರ್ ಬೇಕು, ಸಿಕ್ಕಿದ ಅಡಾಪ್ಟರ್ ಸಲ್ಲದು. 1.3 ಆಂಪಿಯರ್‌ನಲ್ಲಿ ತುಂಬಿಸಿದರೆ ಸೆಲ್‌ಗೆ ಹಿತ.

ಎಂಜಿನ್‌ನಲ್ಲಿ ಜಾಗವಿಲ್ಲದಿದ್ದರೆ ಬ್ಯಾಟರಿಯನ್ನು ಹಿಂದಿನ ಬೋಗಿಯಲ್ಲಿಟ್ಟು ಎರಡು ತಂತಿ ಎಳೆಯಿರಿ. ನಡುವಿನ ಪ್ಲಗ್ ತಿರುಗಿಸಿ ಹಾಕಲು ಬಾರದಂಥದ್ದಾಗಿರಲಿ.

ಕಡಿಮೆ ಖರ್ಚಿನ ದಾರಿಯೂ ಇದೆ: ರೇಡಿಯೊ ಕಾರಿನ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್, ರಿಸೀವರ್ ಮತ್ತು ಬ್ರಷ್ ಮೋಟರ್‌ನ, ಹಿಂದಕ್ಕೂ ಮುಂದಕ್ಕೂ ಓಡಿಸುವ ಇಎಸ್‌ಸಿ (ವೇಗ ನಿಯಂತ್ರಕ). ಆದರೆ ಕಾರಿನ ಇಎಸ್‌ಸಿ ಹಲವು ಸಲ ಎರಡೇ ಸೆಲ್ ತಾಳುತ್ತದೆ, ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. ಕೈ ಬಿಟ್ಟರೆ ಕಡ್ಡಿ ನಡುವಿಗೆ ಬಂದು ರೈಲು ನಿಲ್ಲುತ್ತದೆ. ಇದು ದೋಷವೆನ್ನುವವರಿದ್ದಾರೆ, ಮಕ್ಕಳಿರುವ ಹಿತ್ತಲಿಗೆ ಇದೇ ಗುಣ.

ಎಲ್ಲ ಆದ ಮೇಲೆ, ಚಕ್ರಗಳು ಗಾಳಿಯಲ್ಲಿರುವಂತೆ ಎಂಜಿನ್ ಎತ್ತಿಟ್ಟು ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ, ಸಂಕೇತ ತಪ್ಪಿದಾಗ ತಾನೇ ನಿಲ್ಲಿಸುವ ಫೇಲ್‌ಸೇಫ್ ಹೊಂದಿಸಿಲ್ಲ. ಹಲವು ರಿಸೀವರ್‌ಗಳಲ್ಲಿ ಕಡ್ಡಿಯನ್ನು ನಡುವಿನಲ್ಲಿಟ್ಟು ಮತ್ತೆ ಬೈಂಡ್ ಮಾಡಿದರೆ (ಟ್ರಾನ್ಸ್‌ಮಿಟರ್ ಜತೆ ಜೋಡಿ ಮಾಡಿದರೆ) ಸರಿಹೋಗುತ್ತದೆ.

ಪ್ರಶ್ನೆ: ಹಿತ್ತಾಳೆ ಕವಚದ ಸ್ಟೀಮ್ ಎಂಜಿನ್‌ಗೆ ರಿಸೀವರ್ ಹಾಕಿಸಿದೆ. ಕವಚ ತೆಗೆದಾಗ ಕೋಣೆಯ ಆಚೆಯಿಂದಲೂ ಓಡುತ್ತದೆ, ಮುಚ್ಚಿದರೆ ಒಂದೂವರೆ ಮೀಟರ್ ದಾಟುವುದಿಲ್ಲ.

ಉತ್ತರ: ಪ್ರಶ್ನೆಯಲ್ಲೇ ಉತ್ತರವಿದೆ. ಲೋಹದ ಡಬ್ಬಿಯೊಳಗೆ ರೇಡಿಯೊ ನುಗ್ಗದು. 2.4 ಗಿಗಾಹರ್ಟ್ಸ್‌ನ ತಂತಿ ಆಂಟೆನಾದಲ್ಲಿ ಕೆಲಸ ಮಾಡುವುದು ತುದಿಯ ಸುಮಾರು 31 ಮಿ.ಮೀ. ಮಾತ್ರ, ಆ ತುಂಡು ಲೋಹದಿಂದ ಹೊರಗೆ ಬಂದರೆ ಸಾಕು. ಚಾಲಕನ ಕ್ಯಾಬ್‌ನ ಕಿಟಕಿ, ಟೆಂಡರ್‌ನ ಕಲ್ಲಿದ್ದಲ ರಾಶಿಯ ಕೆಳಗೆ ಲೋಹದ ಬದಲು ಪ್ಲಾಸ್ಟಿಕ್ ಹಾಳೆ, ಇವೆರಡೂ ಕಣ್ಣಿಗೆ ಬೀಳದ ಜಾಗಗಳು. ತಂತಿಯನ್ನು ಸುರುಳಿ ಸುತ್ತಬೇಡಿ, ಉದ್ದವಾಯಿತೆಂದು ಕತ್ತರಿಸಲೂಬೇಡಿ, ಮೋಟರ್‌ನ ಪಕ್ಕ ಹಾಯಿಸಬೇಡಿ.

ಆಮೇಲೂ ಎಂಜಿನ್ ನಡುಗುತ್ತಿದ್ದರೆ ಮೋಟರ್‌ನ ಎರಡು ಬ್ರಷ್‌ಗಳ ನಡುವೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ, ಕಿಡಿಯ ಗದ್ದಲ ತಗ್ಗುತ್ತದೆ. ಡಿಸಿಸಿ ಡಿಕೋಡರ್ ಇರುವ ಎಂಜಿನ್‌ಗೆ ಈ ಮದ್ದು ತಿರುಗುಬಾಣ: ಮೋಟರ್‌ನ ವೇಗ ಅಳೆಯುವ ಡಿಕೋಡರ್‌ನ ಲೆಕ್ಕ ಕೆಟ್ಟು ಎಂಜಿನ್ ಕುಲುಕುತ್ತದೆ. ಅಲ್ಲಿ ಮೊದಲೇ ಇದ್ದ ಕೆಪಾಸಿಟರ್ ತೆಗೆದರೆ ಸರಿಹೋಗುವುದೂ ಉಂಟು.

ಪ್ರಶ್ನೆ: 2.4 ಗಿಗಾಹರ್ಟ್ಸ್ ಒಳ್ಳೆಯದೋ, 900 ಮೆಗಾಹರ್ಟ್ಸ್ ಸುಮಾರಿನದೋ?

ಉತ್ತರ: ಗೋಡೆ, ಗಿಡಗಳನ್ನು ದಾಟುವುದರಲ್ಲಿ ಕಡಿಮೆ ಆವರ್ತನವೇ ಮೇಲು. ಆದರೆ ಅಮೆರಿಕದ 902–928 ಮೆಗಾಹರ್ಟ್ಸ್ ಸೆಟ್‌ಗಳೂ ಯುರೋಪಿನ 868ರ ಸೆಟ್‌ಗಳೂ ಒಂದಕ್ಕೊಂದು ಹೊಂದುವುದಿಲ್ಲ, ಎಲ್ಲ ದೇಶಗಳಲ್ಲಿ ಅನುಮತಿಯೂ ಇಲ್ಲ. ಬೇರೆ ದೇಶದಿಂದ ತರಿಸುವವರಿಗೆ 2.4 ಗಿಗಾಹರ್ಟ್ಸ್ ತಲೆನೋವಿಲ್ಲದ್ದು.

ಪ್ರಶ್ನೆ: ಎರಡು ಹೊಸ ಡಿಕೋಡರ್ ಹಾಕಿದೆ. ರಿಮೋಟ್‌ನಲ್ಲಿ 3 ಒತ್ತಿದರೆ ಎರಡು ಎಂಜಿನ್‌ಗಳೂ ಓಡುತ್ತವೆ!

ಉತ್ತರ: ಕಾರ್ಖಾನೆಯಿಂದ ಬರುವಾಗ ಎಲ್ಲ ಡಿಕೋಡರ್‌ಗಳ ವಿಳಾಸವೂ 3. ಒಂದೊಂದೇ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಗೆ (ಡಿಕೋಡರ್‌ಗೆ ಸೆಟ್ಟಿಂಗ್ ಬರೆಯಲೆಂದೇ ಇರುವ ಪ್ರತ್ಯೇಕ ತುಂಡು ಹಳಿ) ಇಟ್ಟು ಬದಲಿಸಿ. 1ರಿಂದ 127ರವರೆಗಿನ ನಂಬರನ್ನು ಸಿವಿ 1ರಲ್ಲಿ (ಸಿವಿ ಎಂದರೆ ಡಿಕೋಡರ್‌ನ ಸೆಟ್ಟಿಂಗ್ ಇರುವ ಖಾನೆ) ಬರೆದರೆ ಆಯಿತು. ಎಂಜಿನ್‌ನ ಮೈಮೇಲಿನ ನಾಲ್ಕಂಕಿಯ ನಂಬರೇ ಬೇಕಾದರೆ ಹೆಚ್ಚಿನ ರಿಮೋಟ್‌ಗಳು ತಾವೇ ಲೆಕ್ಕ ಮಾಡುತ್ತವೆ. ಕೈಲೆಕ್ಕ ಹೀಗೆ: 3456ನ್ನು 256ರಿಂದ ಭಾಗಿಸಿ, ಭಾಗಲಬ್ಧ 13ಕ್ಕೆ 192 ಕೂಡಿಸಿದರೆ 205, ಅದು ಸಿವಿ 17ಕ್ಕೆ, ಶೇಷ 128 ಸಿವಿ 18ಕ್ಕೆ. ಸಿವಿ 29ರಲ್ಲಿ ಈಗ ಇರುವ ಅಂಕಿಗೆ 32 ಸೇರಿಸಲು ಮರೆಯಬೇಡಿ. ಮರೆತರೆ ಎಂಜಿನ್ ಹಳೇ ಚಿಕ್ಕ ವಿಳಾಸಕ್ಕೇ ಓಗೊಡುತ್ತದೆ.

ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಕೋಡರ್ ಉತ್ತರ ಕೊಡುವುದು ಕರೆಂಟನ್ನು 60 ಮಿಲಿಆಂಪಿಯರ್‌ನಷ್ಟು, 6 ಮಿಲಿಸೆಕೆಂಡ್ ಹೊತ್ತು ಏರಿಸುವ ಮೂಲಕ. ಮೋಟರ್ ಜೋಡಿಸದಿದ್ದರೆ ಅಥವಾ ದೊಡ್ಡ ಕೀಪ್-ಅಲೈವ್ ಇದ್ದರೆ ಆ ಉತ್ತರ ಸ್ಟೇಷನ್‌ಗೆ ಗೊತ್ತಾಗದೆ 'ಎರರ್' ಎನ್ನುತ್ತದೆ. ಆಗ ಕೀಪ್-ಅಲೈವ್ ಕಳಚಿ ಬರೆಯಿರಿ, ಇಲ್ಲವೇ, ಡಿಕೋಡರ್ ಅದಕ್ಕೆ ಒಪ್ಪುವುದಾದರೆ, ಮುಖ್ಯ ಹಳಿಯಲ್ಲೇ ಆ ವಿಳಾಸಕ್ಕೆ ನೇರವಾಗಿ ಬರೆಯಿರಿ. ಹಾಗೆ ಬರೆಯುವಾಗ ಇನ್ನೊಂದು ಎಂಜಿನ್ನನ್ನು ಹಳಿಯಿಂದ ಎತ್ತಿಡಿ, ಇಲ್ಲದಿದ್ದರೆ ಅದಕ್ಕೂ ಅದೇ ಬರಹ.

ಪ್ರಶ್ನೆ: ಮೂರು ನಾಲ್ಕು ತಿಂಗಳು ರೈಲು ಮುಟ್ಟುವುದಿಲ್ಲ. ರಿಮೋಟ್, ಬ್ಯಾಟರಿ ಹೇಗಿಡಬೇಕು?

ಉತ್ತರ: ಹ್ಯಾಂಡ್‌ಸೆಟ್‌ನ ಸೆಲ್ ತೆಗೆದಿಡಿ; ಆಲ್ಕಲೈನ್ ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತದೆ. ರೀಚಾರ್ಜ್ ಆಗುವ ನಿಕಲ್ ಸೆಲ್ ಬಳಸುವವರಿಗೆ ಒಂದು ಸೂಚನೆ: ಅದರದು 1.5 ಅಲ್ಲ, 1.2 ವೋಲ್ಟ್. ನಾಲ್ಕು ಸೇರಿ 6ರ ಬದಲು 4.8 ಆಗುವುದರಿಂದ ಕೆಲವು ಹ್ಯಾಂಡ್‌ಸೆಟ್‌ಗಳು ಪೂರ್ತಿ ಚಾರ್ಜ್ ಇದ್ದಾಗಲೂ 'ಬ್ಯಾಟರಿ ಕಡಿಮೆ' ಎನ್ನುತ್ತವೆ. ಮೆನುವಿನಲ್ಲಿ ಸೆಲ್‌ನ ಬಗೆ ಆರಿಸುವಂತಿದ್ದರೆ ಬದಲಿಸಿ. ಎಂಜಿನ್‌ನ ಲಿಥಿಯಂ ಪ್ಯಾಕನ್ನು ತುಂಬಿಸಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ: ಸೆಲ್‌ಗೆ 3.8 ವೋಲ್ಟ್, ಅಂದರೆ ಮೂರು ಸೆಲ್‌ಗೆ 11.4. ಬಿಎಂಎಸ್ ಬೋರ್ಡೂ ಚೂರು ಚೂರು ಕರೆಂಟ್ ಕುಡಿಯುತ್ತಿರುತ್ತದೆ, ಹಾಗಾಗಿ ಎರಡು ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ.